ಎಂಟನೇ ವಯಸ್ಸಿನಲ್ಲೇ ನಿಂತ ಹಲ್ಲು

ಸುಳ್ಳು ಹೇಳಿದ ಮಕ್ಕಳನ್ನು ತರಗತಿಯಲ್ಲಿ ನಾನು ಸುಮ್ಮನೆ ಬಿಟ್ಟವಳಲ್ಲ. ಪೊನ್ನಂಪೇಟೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಕಿಟಕಿಯ ಗಾಜು ಒಡೆದದ್ದು ಯಾರು, ಪಕ್ಕದವಳ ಪೆನ್ಸಿಲು ಎತ್ತಿಕೊಂಡದ್ದು ಯಾರು ಎಂದು ನಿಜ ಬಾಯಿಗೆ ಬರುವವರೆಗೆ ಕೇಳುತ್ತೇನೆ. ಈ ಟೀಚರ್ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುವುದೂ ನನಗೆ ಗೊತ್ತು. ಇಂಥ ನಾನೇ ಒಂದು ಸುಳ್ಳನ್ನು ಮೂವತ್ತೈದು ವರ್ಷ ಬಚ್ಚಿಟ್ಟುಕೊಂಡು ಬಂದಿದ್ದೆ. ಅದು ಸಿಕ್ಕಿಬಿದ್ದದ್ದು ಸಿದ್ದಾಪುರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ.

ನನ್ನ ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಸಿದ್ದಾಪುರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಮೇಲಿನ ಸಾಲಿನ ಮುಂದಿನ ಒಂದು ಹಲ್ಲು ಬೂದು ಬಣ್ಣ. ಸಣ್ಣಂದಿನಿಂದ ಹಾಗೇ ಇದೆ. ನಗುವಾಗ ಅವಳ ಎಡಗೈ ತಾನಾಗಿ ಬಾಯಿಯ ಮುಂದೆ ಬರುತ್ತದೆ. ಫೋಟೋದಲ್ಲಿ ತುಟಿ ಬಿಗಿದುಕೊಂಡು ನಿಲ್ಲುತ್ತಾಳೆ. ಅವಳನ್ನು ಸರಿಯಾಗಿ ತಿಳಿಯದವರು ಜಂಬದವಳು ಎನ್ನುತ್ತಿದ್ದರು. ದಾರ ಕಚ್ಚುವಾಗಲೂ ಅವಳು ಮುಂದಿನ ಹಲ್ಲು ಬಳಸುವುದಿಲ್ಲ, ಪಕ್ಕಕ್ಕೆ ತೆಗೆದುಕೊಂಡು ದವಡೆಯಲ್ಲಿ ಕಚ್ಚುತ್ತಾಳೆ. ಇದನ್ನೆಲ್ಲ ನನ್ನಷ್ಟು ಗಮನಿಸಿದವರು ಇನ್ನೊಬ್ಬರಿಲ್ಲ, ಅದಕ್ಕೆ ಕಾರಣವಿತ್ತು.

ಎರಡು ವರ್ಷದ ಹಿಂದೆ ಆ ಹಲ್ಲಿನ ಮೇಲೆ ವಸಡಿನಲ್ಲಿ ಒಂದು ಗುಳ್ಳೆ ಎದ್ದಿತು. ಒಡೆದು ಕೀವು ಬರುವುದು, ಒಣಗುವುದು, ಮತ್ತೆ ಏಳುವುದು. ಉಪ್ಪುನೀರು ಮುಕ್ಕಳಿಸಿಕೊಂಡು ಅವಳು ದಿನ ತಳ್ಳುತ್ತಿದ್ದಳು. ಫೋನಿನಲ್ಲಿ ನಾನು ರೇಗಿದೆ. "ನಾಳೆ ನಾಳೆ ಅಂತ ಎಷ್ಟು ದಿನ? ಶನಿವಾರ ಬರ್ತೀನಿ, ರೆಡಿ ಇರು" ಎಂದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹಿಡಿದೆ. ಮನಸ್ಸಿನಲ್ಲಿ ಅಳುಕಿದ್ದಾಗ ನಾನು ಹೆಚ್ಚು ಗದರುತ್ತೇನೆ.

ಡಾಕ್ಟರ್ ಸಣ್ಣ ವಯಸ್ಸಿನ ಹುಡುಗಿ, ನಿಧಾನ ಮಾತಿನವಳು. ಬಾಯಿ ನೋಡಿ, ಒಂದು ಎಕ್ಸ್‌ರೇ ತೆಗೆಯಬೇಕು ಎಂದಳು. ತಂಗಿಯ ಮುಖ ಚಿಕ್ಕದಾಯಿತು. ನಮ್ಮ ಮಟ್ಟಿಗೆ ಎಕ್ಸ್‌ರೇ ಎಂದರೆ ಕೈಕಾಲು ಮುರಿದುಕೊಂಡವರು ಕಂಕುಳಲ್ಲಿ ಹಿಡಿದು ತರುವ ದೊಡ್ಡ ಲಕೋಟೆ, ಕಿಟಕಿಗೆ ಹಿಡಿದು ನೋಡುವ ಕಪ್ಪು ಹಾಳೆ.

"ಮಡಿಕೇರಿಗೆ ಹೋಗ್ಬೇಕಾ ಮೇಡಂ?" ಎಂದಳು ತಂಗಿ.

"ಎಲ್ಲಿಗೂ ಬೇಡ ಅಕ್ಕ, ಈ ಕುರ್ಚಿಯಲ್ಲೇ ಆಗುತ್ತೆ. ಈಗ ಫಿಲ್ಮ್ ತೊಳೆಯೋದು, ಒಣಗಿಸೋದು ಏನೂ ಇಲ್ಲ. ಕಿರಣಾನೂ ಮೊದಲಿಗಿಂತ ಕಡಿಮೆ ಸಾಕು."

ಭಾರದ ಒಂದು ಏಪ್ರನ್ ಅವಳ ಎದೆಗೆ ಹೊದಿಸಿದರು. ವೈರು ಇರುವ ಒಂದು ಚಪ್ಪಟೆ ಬಿಲ್ಲೆ, ಬಿಸ್ಕತ್ತಿಗಿಂತಲೂ ಚಿಕ್ಕದು. ಅದಕ್ಕೆ ತೆಳು ಪ್ಲಾಸ್ಟಿಕ್ ಕವರು ಹಾಕಿ ಹಲ್ಲಿನ ಹಿಂದೆ ಇಟ್ಟರು. ಗೋಡೆಯ ಯಂತ್ರದ ಕೊಳವೆಯನ್ನು ಮೂಗಿನ ಹತ್ತಿರಕ್ಕೆ ತಿರುಗಿಸಿ, ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ಒಂದು ಸಣ್ಣ ಬೀಪ್ ಕೇಳಿಸಿತು, ಅಷ್ಟೆ. ನಾನು ಒಳಗೆ ಬರುವಷ್ಟರಲ್ಲಿ ತಂಗಿಯ ಹಲ್ಲುಗಳು ಪರದೆಯ ಮೇಲೆ ಬಂದುಬಿಟ್ಟಿದ್ದವು.

ಡಾಕ್ಟರ್ ಮೌಸಿನಿಂದ ಚಿತ್ರ ದೊಡ್ಡದು ಮಾಡಿದಳು. ಸ್ವಲ್ಪ ಬೆಳಕು ಏರಿಸಿದಳು.

"ನೋಡಿ, ಇದು ಪಕ್ಕದ ಹಲ್ಲು. ಬೇರು ಉದ್ದಕ್ಕೆ ಹೋಗಿ ತುದಿಯಲ್ಲಿ ಚೂಪಾಗಿದೆ. ಮಧ್ಯದ ನರದ ದಾರಿ ಸಣ್ಣ ಗೆರೆ ಥರ ಕಾಣುತ್ತೆ. ಈಗ ಇದನ್ನ ನೋಡಿ. ಬೇರು ಗಿಡ್ಡ. ದಾರಿ ಅಗಲ. ತುದಿ ಮುಚ್ಚೇ ಇಲ್ಲ, ಆಲಿಕೆ ಬಾಯಿ ಹಾಗೆ ತೆರೆದಿದೆ. ಸುತ್ತ ಕಪ್ಪಗಿರೋದು ಸೋಂಕು, ಮೂಳೆ ಕರಗಿದೆ."

"ಹುಟ್ಟಿನಿಂದ ಹಾಗಾ?" ಎಂದು ಕೇಳಿದವಳು ನಾನು. ಹೌದು ಎನ್ನಲಿ ಎಂದು ಕಾಯುತ್ತಿದ್ದೆ.

"ಇಲ್ಲ ಟೀಚರ್. ಹಲ್ಲು ವಸಡಿಂದ ಹೊರಗೆ ಬಂದ ಮೇಲೂ ಎರಡು ಮೂರು ವರ್ಷ ಬೇರು ಬೆಳೀತಾ ಇರುತ್ತೆ. ಅಷ್ಟರಲ್ಲಿ ನರ ಸತ್ತರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತೆ. ಇವರದ್ದು ಎಂಟನೇ ವಯಸ್ಸಿನ ಹತ್ತಿರ ನಿಂತಿದೆ. ಉಳಿದ ಹಲ್ಲೆಲ್ಲ ದೊಡ್ಡವರದ್ದು, ಇದೊಂದು ಮಾತ್ರ ಇನ್ನೂ ಮಗುವಿನ ಹಲ್ಲು." ತಂಗಿಯ ಕಡೆ ತಿರುಗಿದಳು. "ಸಣ್ಣವರಿದ್ದಾಗ ಬಾಯಿಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ ಅಕ್ಕ?"

ತಂಗಿ ನನ್ನ ಕಡೆ ನೋಡಲಿಲ್ಲ.

"ಕಣದ ಮೆಟ್ಟಿಲ ಮೇಲೆ ಓಡ್ತಾ ಬಿದ್ದಿದ್ದೆ" ಎಂದಳು.

ಅದು ನಾನು ಕಲಿಸಿದ ವಾಕ್ಯ. ಒಂದು ಪದವೂ ಬದಲಾಗಿರಲಿಲ್ಲ. ಡಾಕ್ಟರ್ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದಳು.

ಆಗ ನಾವು ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ, ಕೆಲಸದವರ ಸಾಲಿನ ಒಂದು ಲೈನ್ ಮನೆಯಲ್ಲಿದ್ದೆವು. ಅಮ್ಮ ತೋಟದ ಕೆಲಸದವಳು. ಕಾಫಿ ಹಣ್ಣು ಕುಯ್ಯುವ ಪಿಕಿಂಗ್ ಕಾಲದಲ್ಲಿ ಶಾಲೆಗೆ ರಜೆ ಸಿಕ್ಕಿದ ದಿನ ಅಮ್ಮನ ಜೊತೆ ನಾವಿಬ್ಬರೂ ಹೋಗುತ್ತಿದ್ದೆವು. ರೋಬಸ್ಟಾ ಗಿಡದ ಮೇಲಿನ ರೆಂಬೆಗಳು ಮಕ್ಕಳ ಕೈಗೆ ಎಟುಕುವುದಿಲ್ಲ. ಅದಕ್ಕೊಂದು ಕೊಕ್ಕೆ ಕೋಲು ಇರುತ್ತಿತ್ತು. ಕೊಕ್ಕೆಯನ್ನು ರೆಂಬೆಗೆ ಸಿಕ್ಕಿಸಿ ಬಾಗಿಸಬೇಕು. ಕೋಲಿನ ಬುಡಕ್ಕೆ ಕಟ್ಟಿದ ಹಗ್ಗದ ಕುಣಿಕೆಯೊಳಗೆ ಕಾಲಿಟ್ಟು ತುಳಿದು ನಿಂತರೆ ರೆಂಬೆ ಬಾಗಿಯೇ ಇರುತ್ತದೆ, ಎರಡೂ ಕೈಯಿಂದ ಹಣ್ಣು ಬಿಡಿಸಬಹುದು. ದೊಡ್ಡವರು ಒಬ್ಬರೇ ಎರಡೂ ಕೆಲಸ ಮಾಡುತ್ತಿದ್ದರು. ನಮ್ಮಲ್ಲಿ ಹಗ್ಗ ತುಳಿಯುವುದು ನಾನು, ಬಿಡಿಸುವುದು ತಂಗಿ. ಬಿಡಿಸುವವರು 'ಬಿಡು' ಎನ್ನುವವರೆಗೆ ತುಳಿದವರು ಕಾಲು ತೆಗೆಯಬಾರದು. ತೋಟಕ್ಕೆ ಹೋದ ಮೊದಲ ದಿನ ಅಮ್ಮ ಹೇಳಿಕೊಟ್ಟ ಮೊದಲ ಪಾಠವೇ ಅದು.

ಆ ದಿನ ಪಕ್ಕದ ಸಾಲಿನ ಹೆಂಗಸರೆದುರು ಅಮ್ಮ ಅಂದಳು, "ಸಣ್ಣೋಳ ಕೈ ನೋಡ್ರೇ, ಎಷ್ಟು ಚುರುಕು! ದೊಡ್ಡೋಳು ಹಗ್ಗ ತುಳಿಯೋಕೇ ಸರಿ." ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಅವಳಿಗೆ ಎಂಟು, ಮುಂದಿನ ಹೊಸ ಹಲ್ಲು ಬಂದು ಹೆಚ್ಚು ದಿನವಾಗಿರಲಿಲ್ಲ. ನನಗೆ ಹನ್ನೊಂದು. ಅಮ್ಮನೂ ಹೆಂಗಸರೂ ಗಿಡಗಳ ಮರೆಗೆ, ಸಾಲಿನ ಆಚೆ ತುದಿಗೆ ಹೋದರು. ತಂಗಿ ಕತ್ತೆತ್ತಿ, ತುದಿಗಾಲಿನಲ್ಲಿ ನಿಂತು, ಹಣ್ಣಿನ ಗೊಂಚಲಿಗೆ ಕೈ ಹಾಕಿದ್ದಳು. ನಾನು ಕಾಲು ತೆಗೆದೆ.

ಅವಳಿಗೆ ಪೆಟ್ಟಾಗಲಿ ಎಂದಲ್ಲ. ರೆಂಬೆ ಅವಳ ಕೈ ತಪ್ಪಿ ಹೋಗಲಿ, ಅವಳೂ ಒಮ್ಮೆ ಪೆದ್ದಿಯಾಗಲಿ ಎಂದು. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಜಾರಿದ್ದಲ್ಲ, ಬೇಕೆಂದೇ ತೆಗೆದದ್ದು. ರೆಂಬೆ ಮೇಲಕ್ಕೆ ಚಿಮ್ಮಿತು, ಅದರ ಜೊತೆ ಕೋಲೂ ಎದ್ದು ಅವಳ ಬಾಯಿಗೆ ಹೊಡೆಯಿತು. ತುಟಿ ಸೀಳಿ ರಕ್ತ ಬಂತು. ಅವಳು ಅಳುವ ಮೊದಲೇ ನಾನು ಬಾಯಿ ಮುಚ್ಚಿ ಹಿಡಿದೆ. "ಕಣದ ಮೆಟ್ಟಿಲ ಮೇಲೆ ಓಡ್ತಾ ಬಿದ್ದೆ ಅಂತ ಹೇಳು. ಕೋಲು ಅಂದ್ರೆ ಅಮ್ಮ ಇಬ್ಬರಿಗೂ ಹೊಡೀತಾಳೆ" ಎಂದೆ. ಕೈ ಹಿಡಿದು ಕಣದವರೆಗೆ ಓಡಿಸಿಕೊಂಡು ಹೋಗಿ, ಕಾಫಿ ಒಣಗಿಸುವ ಆ ಅಂಗಳದ ಮೆಟ್ಟಿಲ ಮೇಲೆ ಕೂರಿಸಿ, ಆಮೇಲೆ ಅಮ್ಮನನ್ನು ಕೂಗಿದೆ.

ಅಮ್ಮ ನಂಬಿದಳು. ಅಲುಗಾಡುತ್ತಿದ್ದ ಹಲ್ಲು ಕೆಲವು ವಾರದಲ್ಲಿ ಗಟ್ಟಿಯಾಯಿತು, ಎಲ್ಲ ಸರಿಹೋಯಿತು ಎಂದುಕೊಂಡೆವು. ನಿಧಾನವಾಗಿ ಅದು ಬಣ್ಣ ತಿರುಗಿತು. ಆ ಮೆಟ್ಟಿಲನ್ನು ಕಂಡರೆ ಅಮ್ಮ ಶಾಪ ಹಾಕುತ್ತಿದ್ದಳು. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರಿಗೆ ದುಂಬಾಲು ಬಿದ್ದು, ಎಸ್ಟೇಟಿನ ಗಾರೆಯವನಿಂದ ಅದರ ಅಂಚು ಒಡೆಸಿ ಸಿಮೆಂಟು ಹಾಕಿಸಿದಳು. ಏನೂ ಮಾಡದ ಮೆಟ್ಟಿಲಿಗೆ ಉಳಿಯ ಏಟು ಬೀಳುವುದನ್ನು ನಾನು ನಿಂತು ನೋಡಿದೆ. ಅಮ್ಮ ತೀರಿಕೊಳ್ಳುವವರೆಗೂ ತನ್ನ ಮಗಳ ಹಲ್ಲು ಹಾಳು ಮಾಡಿದ್ದು ಆ ಮೆಟ್ಟಿಲೆಂದೇ ನಂಬಿದ್ದಳು.

ಎಕ್ಸ್‌ರೇಯನ್ನು ಕ್ಲಿನಿಕ್ಕಿನ ಡಾಕ್ಟರ್ ಆ ಶನಿವಾರವೇ ಮೈಸೂರಿನ ಒಬ್ಬ ರೂಟ್ ಕೆನಾಲ್ ತಜ್ಞರಿಗೆ ಫೋನಿನಲ್ಲಿ ಕಳಿಸಿದಳು. ಹಲ್ಲು ಕೀಳಬೇಡಿ, ಉಳಿಸಲು ನೋಡೋಣ ಎಂದು ನಾವು ಕುರ್ಚಿ ಬಿಟ್ಟು ಏಳುವ ಮೊದಲೇ ಉತ್ತರ ಬಂತು. ಆಮೇಲೆ ಕೆಲವು ಶನಿವಾರ ನಾವಿಬ್ಬರೂ ಹೋದೆವು. ಒಳಗೆ ತೊಳೆದು ಔಷಧಿ ಇಟ್ಟರು. ತೆರೆದಿದ್ದ ತುದಿಗೆ ಸಿಮೆಂಟಿನಂಥ ಒಂದು ಮದ್ದಿನಿಂದ ಬಿರಡೆ ಹಾಕಿದರು. ಬಿರಡೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಮತ್ತೆ ಆ ಬಿಲ್ಲೆ, ಮತ್ತೆ ಬೀಪ್. ಪ್ರತಿ ಸಲ ಆ ಗಿಡ್ಡ ಬೇರು ಪರದೆಗೆ ಬಂದಾಗ ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ.

ಹೇಳಬೇಕೆಂದು ಪ್ರತಿ ಶನಿವಾರ ಬಸ್ಸಿನಲ್ಲಿ ನಿರ್ಧಾರ ಮಾಡುತ್ತಿದ್ದೆ. ಇಳಿಯುವಷ್ಟರಲ್ಲಿ ಧೈರ್ಯ ಉಡುಗಿಹೋಗುತ್ತಿತ್ತು. ಬದಲಿಗೆ ಗಂಜಿ ಮಾಡಿ ಡಬ್ಬಿಗೆ ಹಾಕಿ ಒಯ್ದೆ, ಮೆತ್ತನೆ ಬ್ರಷ್ ಕೊಂಡು ಕೊಟ್ಟೆ, ಮಾತ್ರೆ ತಗೊಂಡೆಯಾ ಎಂದು ಎರಡು ಹೊತ್ತು ಫೋನ್ ಮಾಡಿದೆ.

"ಒಂದು ಹಲ್ಲಿಗೆ ಇಷ್ಟ್ಯಾಕಕ್ಕ?" ಎಂದು ಅವಳು ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ನನಗೆ ನಾಚಿಕೆಯಾಯಿತು. ಆದರೂ ಹೇಳಲಿಲ್ಲ.

ಆರು ತಿಂಗಳ ಬಳಿಕ ಮತ್ತೊಂದು ಎಕ್ಸ್‌ರೇಗೆ ಕರೆದರು. ಹಳೆಯದು ಮತ್ತು ಹೊಸದು, ಎರಡೂ ಚಿತ್ರಗಳನ್ನು ಡಾಕ್ಟರ್ ಅಕ್ಕಪಕ್ಕ ಇಟ್ಟಳು. ಕಪ್ಪು ನೆರಳು ಅರ್ಧಕ್ಕಿಂತ ಚಿಕ್ಕದಾಗಿತ್ತು. "ಮೂಳೆ ತುಂಬಿಕೊಳ್ತಾ ಇದೆ. ಇನ್ನು ಮೇಲೆ ಬಿಳಿ ಕ್ಯಾಪ್ ಹಾಕಬಹುದು" ಎಂದು ಖುಷಿಯಿಂದ ಹೇಳಿದಳು. ಬೇರು ಬೆಳೆಯುತ್ತದೆಯೇ ಎಂದು ನಾನು ಕೇಳಿದೆ. "ಇಲ್ಲ ಟೀಚರ್, ಅದು ಇನ್ನು ಅಷ್ಟೇ" ಎಂದಳು.

ಚಿತ್ರಗಳ ಕೆಳಗೆ ತಂಗಿಯ ವಿವರಗಳಿದ್ದವು. ಒಂದು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಎಂಟನೇ ವಯಸ್ಸು, ಮೆಟ್ಟಿಲ ಮೇಲೆ ಬಿದ್ದು ಪೆಟ್ಟು. ಇಷ್ಟು ವರ್ಷ ಬಾಯಲ್ಲಿದ್ದ ಸುಳ್ಳು ಈಗ ಬರಹವಾಗಿತ್ತು. ಅದನ್ನು ಓದಿದ ಮೇಲೆ ನನಗೆ ಕೂರಲಾಗಲಿಲ್ಲ.

"ಡಾಕ್ಟ್ರೇ, ಅದು ತಪ್ಪು" ಎಂದೆ. "ಅವಳು ಬಿದ್ದಿದ್ದಲ್ಲ. ಕಾಫಿ ಕುಯ್ಯೋ ಕೊಕ್ಕೆ ಕೋಲು ಹೊಡೆದದ್ದು. ಹಗ್ಗ ತುಳಿದಿದ್ದವಳು ನಾನು. ಅವಳು 'ಬಿಡು' ಅಂದಿರಲಿಲ್ಲ. ನಾನೇ ಬೇಕೂಂತ ಕಾಲು ತೆಗೆದೆ."

ಡಾಕ್ಟರ್ ನನ್ನನ್ನೂ ತಂಗಿಯನ್ನೂ ನೋಡಿದಳು. ಕೀಬೋರ್ಡಿನ ಮೇಲಿದ್ದ ಕೈ ಹಾಗೇ ನಿಂತಿತು. ತಂಗಿ ಎದೆಯ ಮೇಲಿನ ಏಪ್ರನ್ ತೆಗೆದು, ಮಡಿಸಬಾರದೆಂದು ಬರೆದಿದ್ದರೂ ಮಡಿಸಿ, ಮೊಣಕಾಲ ಮೇಲೆ ಇಟ್ಟುಕೊಂಡಳು.

"ಗೊತ್ತು" ಎಂದಳು.

"ಏನು ಗೊತ್ತು?"

"ಕಾಲು ತೆಗ್ದಿದ್ದು. ಹಗ್ಗ ಸಡಿಲಾಯ್ತಲ್ಲ, ಕೆಳಗೆ ನೋಡ್ದೆ. ನಿನ್ನ ಕಾಲು ಪಕ್ಕದಲ್ಲಿತ್ತು. ಆಮೇಲೆ ಕೋಲು ಬಂತು."

ಮೂವತ್ತೈದು ವರ್ಷ ನನ್ನದೊಬ್ಬಳದೇ ಗುಟ್ಟು ಎಂದುಕೊಂಡಿದ್ದೆ. ಹಬ್ಬಕ್ಕೆ ಮನೆಗೆ ಬಂದಾಗ, ಅವಳ ಮದುವೆಯಲ್ಲಿ ತುಟಿ ಬಿಚ್ಚದೆ ಫೋಟೋಗೆ ನಿಂತಾಗ, ಅಮ್ಮ ಮೆಟ್ಟಿಲಿಗೆ ಶಾಪ ಹಾಕಿದಾಗ, ಅವಳಿಗೆ ಗೊತ್ತಿತ್ತು.

"ಮತ್ತೆ ಅಮ್ಮಂಗೆ ಯಾಕೆ ಹೇಳ್ಲಿಲ್ಲ ನೀನು?"

ಅವಳು ಪರದೆಯ ಮೇಲಿನ ತನ್ನ ಹಲ್ಲನ್ನೇ ನೋಡುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿದ್ದೆ ಅಂತ ಹೇಳು ಅಂದಿದ್ದೆಯಲ್ಲಕ್ಕ" ಎಂದಳು. "ಬೇರೆ ಹೇಳು ಅಂತ ನೀನು ಯಾವತ್ತೂ ಹೇಳ್ಲೇ ಇಲ್ಲ."