ಗಾರ್ಡ್ ಸಾಹೇಬರ ಎರಡು ಬೇಸ್ ಗಿಟಾರ್

ಎಡಗೈಯ ಕಿರುಬೆರಳನ್ನು ನಾನು ಕಳೆದುಕೊಂಡದ್ದು ನಡುವಟ್ಟಂ ಹತ್ತಿರದ ಒಂದು ಟೀ ಫ್ಯಾಕ್ಟರಿಯಲ್ಲಿ, ಎಲೆ ಹೊಸೆಯುವ ರೋಲರ್‌ಗೆ ಸಿಕ್ಕಿ. ತಪ್ಪು ನನ್ನದೇ. ಯಂತ್ರ ಪೂರ್ತಿ ನಿಲ್ಲುವ ಮೊದಲೇ ಅಂಚಿಗೆ ಮೆತ್ತಿಕೊಂಡಿದ್ದ ಎಲೆಯನ್ನು ಕೈಯಲ್ಲಿ ಬಳಿಯಲು ಹೋದೆ. ಕಿರುಬೆರಳು ಬುಡದವರೆಗೂ ಹೋಯಿತು. ಉಂಗುರದ ಬೆರಳು ಉಳಿಯಿತು, ಆದರೆ ಅದರ ತುದಿಯ ಗೆಣ್ಣು ಮತ್ತೆ ಮಡಚಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಗಾಯ ಒಣಗಿದ ಮೇಲೆ ಫ್ಯಾಕ್ಟರಿಯವರು ನನ್ನನ್ನು ಎಲೆ ತೂಗುವ ಕೆಲಸಕ್ಕೆ ಹಾಕಿದರು. ಆ ಮಟ್ಟಿಗೆ ನನಗೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಗಿಟಾರಿಗೆ. ನಾವು ನಾಲ್ಕು ಜನ ಸೇರಿ ಊಟಿಯಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೆವು. ಏಪ್ರಿಲ್, ಮೇ ಸೀಸನ್ನಿನಲ್ಲಿ ಒಂದು ಹೋಟೆಲಿನ ಊಟದ ಹಾಲ್‌ನಲ್ಲಿ ನುಡಿಸುತ್ತಿದ್ದೆವು, ಉಳಿದ ತಿಂಗಳುಗಳಲ್ಲಿ ಎಸ್ಟೇಟಿನವರ ಕ್ಲಬ್ಬು, ಮದುವೆ ಅಂತ ಯಾರಾದರೂ ಕರೆದರೆ ಹೋಗುತ್ತಿದ್ದೆವು. ಡ್ರಮ್ ಬಾರಿಸುವವರಿಗೆ ಊಟಿಯಲ್ಲಿ ಬೇಕರಿ ಇತ್ತು, ಅವರೇ ನಮ್ಮ ಮುಖ್ಯಸ್ಥರು. ಹಾಡುವವನು ತಾಲೂಕು ಆಫೀಸಿನ ಗುಮಾಸ್ತ. ನಾನು ಆರು ತಂತಿಯ ಮಾಮೂಲಿ ಗಿಟಾರ್. ದಪ್ಪ ದನಿಯ ಬೇಸ್ ಗಿಟಾರ್ ಹಿಡಿಯುತ್ತಿದ್ದವರು ಗಾರ್ಡ್ ಸಾಹೇಬರು.

ಅವರು ಆಂಗ್ಲೋ ಇಂಡಿಯನ್ನರು. ಬೆಟ್ಟದ ರೈಲಿನಲ್ಲಿ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಗಾರ್ಡ್ ಆಗಿದ್ದರು. ಹಳಿ ಕೆಲಸದವರ ಜೊತೆ ಮಾತಾಡಿ ಮಾತಾಡಿ ತಮಿಳೂ ನಾವು ಬಡಗರು ಆಡುವ ಬಡಗು ಮಾತೂ ಕಲಿತಿದ್ದರು. ಎರಡನ್ನೂ ಇಂಗ್ಲಿಷಿನ ಜೊತೆ ಕಲಸಿ ಆಡುತ್ತಿದ್ದರು. ನನಗೆ ಗಿಟಾರ್ ಕಲಿಸಿದವರೂ ಅವರೇ. ಶಾಲೆ ಓದುವಾಗ ನಾನು ಇದ್ದ ಹಾಸ್ಟೆಲ್ ಅವರ ರೈಲ್ವೆ ಕ್ವಾರ್ಟರ್ಸಿನ ಹಿಂದೆಯೇ ಇತ್ತು. ಬೇಲಿಯ ಆಚೆ ನಿಂತು ಕೇಳುತ್ತಿದ್ದವನನ್ನು ಅವರ ಹೆಂಡತಿ ಒಳಗೆ ಕರೆದಿದ್ದರು.

ನನ್ನ ಕೈ ಕೆಟ್ಟ ಸುದ್ದಿ ಕೇಳಿ ಗಾರ್ಡ್ ಸಾಹೇಬರು ಊಟಿಯಿಂದ ಬಸ್ಸು ಹತ್ತಿ ನಮ್ಮ ಹಟ್ಟಿಗೆ ಬಂದರು. ಅವ್ವೆ ಕೊಟ್ಟ ಕಾಫಿ ಕುಡಿದು, ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳನ್ನು ಮಡಚಿ ನೋಡಿದರು. ಇನ್ನು ಮೇಲೆ ಗಿಟಾರ್ ಮುಗಿಯಿತು ಎಂದು ನಾನೇ ಹೇಳಿದೆ. ಹಲವು ತಂತಿ ಒಟ್ಟಿಗೆ ಒತ್ತಿ ಸ್ವರಗೂಡು ಹಿಡಿಯಲು ನಾಲ್ಕು ಬೆರಳೂ ಬೇಕು, ನನಗೆ ಉಳಿದಿರುವುದು ಎರಡೂವರೆ.

“ಬೇಸ್‌ಗೆ ಒಂದು ಸಲಕ್ಕೆ ಒಂದೇ ಬೆರಳು ಸಾಕು ತಂಬಿ,” ಎಂದರು ಅವರು.

ಬೇಸ್‌ಗೆ ನೀವಿದ್ದೀರಲ್ಲ ಸಾರ್ ಎಂದೆ. ಆಗ ವಿಷಯ ಹೇಳಿದರು. ಹೆಂಡತಿಯ ಅಣ್ಣ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೆಲೆಸಿದ್ದ, ಇವರನ್ನೂ ಕರೆಸಿಕೊಳ್ಳುತ್ತಿದ್ದ. ಕಾಗದಪತ್ರ ಎಲ್ಲ ಬಂದಿತ್ತು, ಸೀಸನ್ ಮುಗಿದ ಮೇಲೆ ಹೊರಡುವುದು. ಮನೆಯಲ್ಲಿ ಎರಡು ಬೇಸ್ ಗಿಟಾರ್ ಇವೆ, ನಾನು ಒಂದನ್ನಷ್ಟೇ ಒಯ್ಯಬಲ್ಲೆ, ಇನ್ನೊಂದು ನಿನಗೆ ಎಂದರು. “ಮೊದಲು ಆರಿಸಿಕೊಳ್ಳುವವನು ನೀನು. ಮಿಕ್ಕಿದ್ದು ನನ್ನದು.”

ಆ ಎರಡನ್ನೂ ನಾನು ವರ್ಷಗಳಿಂದ ನೋಡಿದ್ದೆ. ಒಂದು ನಾಲ್ಕು ತಂತಿಯದು. ಕಂದು ಬಣ್ಣ, ಹೆಬ್ಬೆರಳು ಊರುವ ಜಾಗದಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಬ್ಯಾಂಡಿನಲ್ಲಿ ಯಾವಾಗಲೂ ನುಡಿಸುತ್ತಿದ್ದದ್ದು ಅದನ್ನೇ. ಇನ್ನೊಂದು ಐದು ತಂತಿಯದು, ಹಡಗಿನ ಬ್ಯಾಂಡಿನಲ್ಲಿದ್ದ ಅವರ ತಮ್ಮ ಹೊರದೇಶದಿಂದ ತಂದುಕೊಟ್ಟದ್ದು. ಅಂಥದ್ದು ಊಟಿಯಲ್ಲಿ ಇನ್ನೊಂದಿರಲಿಲ್ಲ. ಐದನೆಯದು ದಪ್ಪ ತಂತಿಯಲ್ಲ. ನಾಲ್ಕರ ಕೆಳಗೆ ಇನ್ನೊಂದು ತೆಳು ತಂತಿ, ಮೇಲಿನ ಸ್ವರಗಳಿಗೆ. ಅದನ್ನು ಅವರು ಹಳದಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿರುತ್ತಿದ್ದರು. ಭಾನುವಾರಗಳಲ್ಲಿ ಇಳಿಸಿ ಒರೆಸುತ್ತಿದ್ದರು, ಸ್ವಲ್ಪ ಹೊತ್ತು ನುಡಿಸಿ ಮತ್ತೆ ಸುತ್ತಿಡುತ್ತಿದ್ದರು.

ಎರಡನ್ನೂ ಮನೆಗೆ ಒಯ್ದು ನೋಡು ಎಂದರು. ಮೊದಲ ಎರಡು ವಾರ ನಾಲ್ಕರದು ನನ್ನ ಹತ್ತಿರ ಇತ್ತು, ಆಮೇಲಿನ ಎರಡು ವಾರ ಐದರದು. ಗೋಣಿಚೀಲದಲ್ಲಿ ಸುತ್ತಿ ಗೂಡಲೂರು ಬಸ್ಸಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿಕೊಂಡು ಬಂದೆ. ಕಂಡಕ್ಟರ್ ಒಮ್ಮೆ ಅದರ ಕಾಲು ಯಾವುದು ತಲೆ ಯಾವುದು ಎಂದು ಕೇಳಿದ.

ನಮ್ಮ ಹಟ್ಟಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಆಂಪ್ಲಿಫೈಯರ್ ಇಲ್ಲದೆ ಬೇಸ್ ಗಿಟಾರ್ ನುಡಿಸಿದರೆ ಅದರ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳದು. ಅದಕ್ಕೆ ಗಾರ್ಡ್ ಸಾಹೇಬರೇ ಉಪಾಯ ಹೇಳಿಕೊಟ್ಟಿದ್ದರು. ಗಿಟಾರಿನ ತಲೆಯನ್ನು ದೊಡ್ಡ ಮರದ ಪೆಟ್ಟಿಗೆಗೆ ಒತ್ತಿ ಹಿಡಿದರೆ ಪೆಟ್ಟಿಗೆಯೇ ದನಿಗೊಡುತ್ತದೆ. ನಮ್ಮಲ್ಲಿ ರಾಗಿ, ಸಾಮೆ ತುಂಬಿಡುವ ಒಂದು ಹಳೆಯ ಪೆಟ್ಟಿಗೆ ಇತ್ತು. ಹಿಂದೆ ಹೊಲದಲ್ಲಿ ಅವೆರಡನ್ನೂ ಬೆಳೆಯುತ್ತಿದ್ದೆವು, ಈಗ ಎಲ್ಲ ಟೀ ಗಿಡ. ಪೆಟ್ಟಿಗೆ ಅರ್ಧ ಖಾಲಿ ಇರುತ್ತಿತ್ತು. ಫ್ಯಾಕ್ಟರಿಯಿಂದ ಬಂದು ಅದರ ಮುಂದೆ ಕೂರುತ್ತಿದ್ದೆ.

ಐದು ತಂತಿಯದು ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕರದರಲ್ಲಿ ಮೇಲಿನ ಸ್ವರ ಬೇಕಾದರೆ ಇಡೀ ಕೈಯನ್ನು ಕತ್ತಿನುದ್ದಕ್ಕೂ ಜಾರಿಸಬೇಕು. ಕಿರುಬೆರಳು ಇದ್ದವರು ಚಾಚಿ ಮುಟ್ಟುವ ಜಾಗಕ್ಕೆ ನಾನು ಓಡಿಹೋಗಬೇಕು, ಓಡುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಐದರದರಲ್ಲಿ ಕೈ ಇದ್ದಲ್ಲೇ ಇರುತ್ತದೆ. ಮೇಲಿನ ಸ್ವರ ಪಕ್ಕದ ತಂತಿಯಲ್ಲೇ ಸಿಗುತ್ತದೆ. ತೊಂದರೆ ಇರಲಿಲ್ಲವೆಂದಲ್ಲ. ತಂತಿಗಳು ಒಂದಕ್ಕೊಂದು ಹತ್ತಿರ, ನನ್ನ ಬಲಗೈ ಬೆರಳುಗಳು ದಪ್ಪ; ಒಂದನ್ನು ಮೀಟಲು ಹೋದರೆ ಎರಡು ಕೂಗುತ್ತಿದ್ದವು. ಆದರೂ ಎರಡನೆಯ ವಾರದ ಹೊತ್ತಿಗೆ ಇದೇ ನನ್ನದು ಎಂದು ಮನಸ್ಸು ಹೇಳುತ್ತಿತ್ತು.

ಅವ್ವೆ ಪೆಟ್ಟಿಗೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಯಾವುದು ಚೆನ್ನ ಎಂದು ಕೇಳಿದೆ. ಎರಡೂ ತನ್ನನ್ನು ನಡುಗಿಸುತ್ತವೆ ಎಂದಳು. ಆಮೇಲೆ ಕೇಳಿದಳು, “ಆ ದೊರೆಗೆ ಯಾವುದರ ಮೇಲೆ ಆಸೆ? ಅದ ಕೇಳಿದೆಯಾ?”

ಕೇಳಿರಲಿಲ್ಲ. ಕೇಳುವ ಅಗತ್ಯವೂ ನನಗೆ ಕಂಡಿರಲಿಲ್ಲ. ಫ್ಲಾನೆಲ್ ಸುತ್ತಿ ಬೀರುವಿನ ಮೇಲೆ ಇಟ್ಟದ್ದು, ತಮ್ಮ ತಂದುಕೊಟ್ಟದ್ದು, ಭಾನುವಾರ ಒರೆಸುವುದು ಯಾವುದೋ ಅದರ ಮೇಲೇ ಅವರಿಗೆ ಆಸೆ. ಅದನ್ನು ಕಿತ್ತುಕೊಂಡರೆ ನನ್ನಂಥ ಕೃತಘ್ನ ಯಾರು? ಹೀಗೆ ಯೋಚಿಸಿ, ಮುಂದಿನ ಭಾನುವಾರ ಊಟಿಗೆ ಹೋಗಿ, ನನಗೆ ನಾಲ್ಕು ತಂತಿಯದೇ ಒಗ್ಗಿತು ಸಾರ್ ಎಂದೆ.

“ಗುಡ್,” ಎಂದರು ಅವರು. ಐದರದನ್ನು ನನ್ನ ಕೈಯಿಂದ ತೆಗೆದುಕೊಂಡು ಬೀರುವಿನ ಮೇಲೆ ಇಟ್ಟರು. ನಾಲ್ಕರದನ್ನು ತಾವೇ ಗೋಣಿಚೀಲದಲ್ಲಿ ಸುತ್ತಿ, ಹುರಿ ಕಟ್ಟಿ ಕೊಟ್ಟರು. ಹುರಿಯ ಗಂಟು ಹಾಕಲು ಬಹಳ ಹೊತ್ತು ತೆಗೆದುಕೊಂಡರು. ನಾನು ಅದಕ್ಕೆ ಯಾವ ಅರ್ಥವನ್ನೂ ಕಟ್ಟಲಿಲ್ಲ.

ಆ ಸೀಸನ್ನಿನ ಮೊದಲ ವಾರ ಹೋಟೆಲಿನಲ್ಲಿ ನಾನು ಬೇಸ್ ನುಡಿಸಿದೆ, ನನ್ನ ಆರು ತಂತಿಯದನ್ನು ಹಾಡುವವನೇ ಹಿಡಿದ. ಹೊರಡುವ ಸಿದ್ಧತೆಗಾಗಿ ಬ್ಯಾಂಡ್ ಬಿಟ್ಟಿದ್ದ ಗಾರ್ಡ್ ಸಾಹೇಬರು ಹಿಂದಿನ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ನಿಧಾನದ ಹಾಡುಗಳು ಸರಿಹೋದವು. ವೇಗದವುಗಳಲ್ಲಿ ನಾನು ಹಿಂದೆ ಬಿದ್ದೆ. ಬೇಕರಿಯವರು ಬಹಳ ಒಳ್ಳೆಯವರು, ಆದರೆ ಡ್ರಮ್ ಬಾರಿಸುವವನಿಗೆ ತಾಳ ತಪ್ಪಿದರೆ ಹಲ್ಲುನೋವು ಬಂದ ಹಾಗೆ. ಮೂರನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, ಕೂನೂರಿನಲ್ಲಿ ಒಬ್ಬ ಬೇಸ್ ನುಡಿಸುವವನಿದ್ದಾನೆ, ಸೀಸನ್ ಮುಗಿಯುವವರೆಗೆ ಅವನನ್ನು ಕರೆಸೋಣವೇ ಎಂದು ಕೇಳಿದರು. ಇನ್ನೊಂದು ವಾರ ಕೊಡಿ ಅಣ್ಣ ಎಂದೆ. ನಾಚಿಕೆಯಾಗಿತ್ತು. ಹಟ್ಟಿಯಲ್ಲಿ ಯಾರಿಗೂ ಹೇಳಲಿಲ್ಲ.

ಅದಾದ ಎರಡು ದಿನಕ್ಕೆ ಗಾರ್ಡ್ ಸಾಹೇಬರ ಹೆಂಡತಿ ಮಾರ್ಕೆಟ್ಟಿನಲ್ಲಿ ಸಿಕ್ಕರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ನನ್ನ ಕೈಗೆ ಕೋಸಿನ ಚೀಲ ಕೊಟ್ಟು, ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡರು.

“ನಿನಗೆ ಐದರದು ಬೇಡವಾಯಿತಾ, ಇಲ್ಲ ಅವರಿಗಿರಲಿ ಅಂತ ಬಿಟ್ಟೆಯಾ? ನಿಜ ಹೇಳು.”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರಿಗಿರಲಿ ಅಂತಲೇ ಎಂದೆ.

ಆಂಟಿ ತಲೆ ಅಲ್ಲಾಡಿಸಿದರು. ಐದು ತಂತಿಯದನ್ನು ಬೀರುವಿನ ಮೇಲೆ ಇಟ್ಟದ್ದು ಪ್ರೀತಿಗಲ್ಲವಂತೆ. ತಮ್ಮ ತಂದುಕೊಟ್ಟದ್ದು, ಮಾರಲೂ ಆಗದು, ಬಿಸಾಡಲೂ ಆಗದು, ಧೂಳು ಹಿಡಿಸಲೂ ಆಗದು. ಆದರೆ ಇಷ್ಟು ವರ್ಷವಾದರೂ ಅವರ ಕೈಗೆ ಅದು ಒಗ್ಗಿರಲಿಲ್ಲ. ನನ್ನ ಕೈ ಹಾಗಾದ ಮೇಲೆ, ಹಟ್ಟಿಯಿಂದ ತಿರುಗಿ ಬಂದ ಸಂಜೆಯೇ, ಆ ಹುಡುಗನಿಗೆ ಐದರದೇ ಸರಿ, ಓಡಾಡದೆ ನುಡಿಸಬಹುದು ಎಂದು ಹೆಂಡತಿಯ ಹತ್ತಿರ ಹೇಳಿದ್ದರಂತೆ. ಹಾಗಿದ್ದರೆ ನೇರವಾಗಿ ಅದನ್ನೇ ಏಕೆ ಕೊಡಲಿಲ್ಲ ಎಂದೆ. ತಮಗೆ ಬೇಡದ್ದನ್ನು ನಿನಗೆ ದಾಟಿಸಿದರು ಎಂದು ನೀನು ತಿಳಿದೀಯ ಎಂಬ ಹೆದರಿಕೆ ಎಂದರು ಆಂಟಿ. “ಈಗ ಅವರು ಹಳೆಯದು ನಿಲ್ಲಿಸುತ್ತಿದ್ದ ಮೂಲೆಯನ್ನೇ ನೋಡುತ್ತ ಕೂತಿರುತ್ತಾರೆ. ನಾನು ಹೇಳಿದೆ ಅಂತ ಹೇಳಬೇಡ.”

ಕೋಸಿನ ಚೀಲ ಅವರ ಮನೆಗೆ ಮುಟ್ಟಿಸಲಿಲ್ಲ, ಅಲ್ಲೇ ವಾಪಸ್ ಕೊಟ್ಟೆ. ಬೇಕರಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದ ನಾಲ್ಕರದನ್ನು ಎತ್ತಿಕೊಂಡು ನೇರ ಕ್ವಾರ್ಟರ್ಸಿಗೆ ಹೋದೆ. ಗಾರ್ಡ್ ಸಾಹೇಬರು ಪಿಂಗಾಣಿ ತಟ್ಟೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಟೀ ಪೆಟ್ಟಿಗೆಗೆ ತುಂಬುತ್ತಿದ್ದರು. ನನಗೆ ಐದರದು ಬೇಕು ಸಾರ್, ಆಗ ಹೇಳಿದ್ದು ಸುಳ್ಳು ಎಂದೆ.

ಅವರಿಗೆ ಕೋಪ ಬಂತು. ಅವರ ಕೋಪವನ್ನು ನಾನು ಮೊದಲ ಸಲ ನೋಡಿದ್ದು ಅಂದೇ. “ಯಾರಾದರೂ ಏನಾದರೂ ಹೇಳಿದರಾ ನಿನಗೆ?” ಎಂದು ಕೇಳಿದರು. ಇಲ್ಲ ಎಂದೆ, ಆ ದಿನ ಹೇಳಿದ ಒಂದೇ ಸುಳ್ಳು ಅದು. ಸ್ಟೂಲಿನ ಮೇಲೆ ಕೂರಿಸಿ, ಹೋಟೆಲಿನಲ್ಲಿ ನಾನು ಹಿಂದೆ ಬಿದ್ದ ಹಾಡನ್ನೇ ಎರಡರಲ್ಲೂ ನುಡಿಸಲು ಹೇಳಿದರು. ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು. ಮೊದಲು ನಾಲ್ಕರಲ್ಲಿ ನುಡಿಸಿದೆ, ಮತ್ತೆ ಅಲ್ಲೇ ಎಡವಿದೆ. ಆಮೇಲೆ ಐದರಲ್ಲಿ. ಎರಡು ಕಡೆ ಪಕ್ಕದ ತಂತಿ ಕೂಗಿತು, ಆದರೆ ತಾಳ ಬಿಡಲಿಲ್ಲ.

ಅವರು ತಿರುಗಿದರು. ಕೋಪ ಇಳಿದಿತ್ತು. “ತಾಳ ಇದ್ದರೆ ಮಿಕ್ಕದ್ದು ಬರುತ್ತದೆ. ನನಗೇನು ಬೇಕು ಅಂತ ನೀ ಯಾಕೆ ಯೋಚಿಸಿದೆ? ನಿನ್ನ ಕೈಗೆ ಏನು ಬೇಕು ಅಂತ ತಾನೆ ನಾ ಕೇಳಿದ್ದು?”

ಅದೇ ಪ್ರಶ್ನೆಯನ್ನು ನಾನು ಅವರಿಗೂ ಕೇಳಬಹುದಿತ್ತು. ಅವರು ನಾಲ್ಕು ತಂತಿಯದನ್ನು ಎತ್ತಿಕೊಂಡು, ಹಳೆಯ ಮೂಲೆಗೆ ಒರಗಿಸಿ, ಮತ್ತೆ ತಟ್ಟೆ ಸುತ್ತಲು ಕೂತರು. ನಾನೂ ಸಂಜೆಯವರೆಗೆ ಕೂತು ತಟ್ಟೆ ಸುತ್ತಿಕೊಟ್ಟೆ.

ಕೂನೂರಿನವನನ್ನು ಕರೆಸುವ ಮಾತು ಬೇಕರಿಯವರು ಮತ್ತೆ ಎತ್ತಲಿಲ್ಲ. ಜೂನ್ ತಿಂಗಳ ಒಂದು ಮಂಜಿನ ದಿನ ಗಾರ್ಡ್ ಸಾಹೇಬರೂ ಆಂಟಿಯೂ ಬೆಟ್ಟದ ರೈಲಿನಲ್ಲೇ ಇಳಿದು ಹೋದರು. ನಾಲ್ಕರದನ್ನು ಲಗೇಜು ವ್ಯಾನಿಗೆ ಹಾಕಲು ಬಿಡದೆ ತಮ್ಮ ಮಗ್ಗುಲಲ್ಲೇ ನಿಲ್ಲಿಸಿಕೊಂಡಿದ್ದರು.

ನಾಲ್ಕು ತಿಂಗಳ ಮೇಲೆ ಪರ್ತ್‌ನಿಂದ ಕಾಗದ ಬಂತು. ಹವೆಯ ವಿಚಾರ, ಹೆಂಡತಿಯ ಅಣ್ಣನ ಮನೆಯ ವಿಚಾರ ಎಲ್ಲ ಬರೆದು, ಕೊನೆಗೆ ಒಂದು ಸಾಲು: ಮದ್ರಾಸಿನಲ್ಲಿ ಸಾಮಾನಿನ ತೂಕ ಹೆಚ್ಚಾಯಿತೆಂದು, ಹೆಂಡತಿಯ ಹೊಲಿಗೆ ಮೆಷಿನ್ನೋ ಗಿಟಾರೋ ಎಂಬ ಪ್ರಶ್ನೆ ಬಂದು, ಗಿಟಾರನ್ನು ಅಲ್ಲೇ ಒಬ್ಬ ನೆಂಟರ ಮನೆಯಲ್ಲಿ ಬಿಟ್ಟು ಬಂದೆವು. ಕಾಗದವನ್ನು ಬೇಕರಿಯವರಿಗೆ ಓದಿ ಹೇಳಿದೆ. ಅವರು ನಕ್ಕರು, ಆಮೇಲೆ ಪಾಪ ಎಂದರು. ನನಗೆ ನಗು ಬರಲಿಲ್ಲ. ಮದ್ರಾಸಿನ ವಿಳಾಸ ತರಿಸಿಕೊಂಡು ಬರೆದೆ; ಉತ್ತರ ಬರಲಿಲ್ಲ.

ಐದು ತಂತಿಯದನ್ನು ನಾನು ಏಳು ಸೀಸನ್ ನುಡಿಸಿದೆ. ಮೂರನೆಯ ವರ್ಷ ಗೂಡಲೂರಿನ ಕಡೆಯ ಒಂದು ಕ್ಲಬ್ಬಿನಲ್ಲಿ, ಕ್ರಿಸ್‌ಮಸ್ ಕುಣಿತದ ನಡುವೆ, ತೆಳು ತಂತಿ ಹರಿಯಿತು. ಅಂಥ ತಂತಿ ಊಟಿಯಲ್ಲಿಲ್ಲ, ಕೊಯಮತ್ತೂರಿನಲ್ಲಿಲ್ಲ, ಮದ್ರಾಸಿನ ಅಂಗಡಿಯವನು ಐದು ತಂತಿಯ ಬೇಸ್ ಎಂಬುದೇ ಇಲ್ಲ ಎಂದು ಕಾರ್ಡು ಬರೆದ. ಕೊನೆಗೆ ಊಟಿಯಲ್ಲಿ ಶಾಲೆಗಳ ಪಿಯಾನೋ ರಿಪೇರಿ ಮಾಡುವ ಮುದುಕರೊಬ್ಬರು ಪಿಯಾನೋ ತಂತಿಯನ್ನು ಕತ್ತರಿಸಿ, ತುದಿಗೆ ಗಂಟು ತಿರುಚಿ ಹಾಕಿಕೊಟ್ಟರು. ಅದು ಮೊದಲಿನದಕ್ಕಿಂತ ಗಟ್ಟಿಯಾಗಿತ್ತು, ಬೆರಳನ್ನು ಕೊಯ್ಯುತ್ತಿತ್ತು. ಅದರಲ್ಲೇ ನಾಲ್ಕು ವರ್ಷ ನಡೆಯಿತು. ಆಮೇಲೆ ಹೋಟೆಲಿನವರು ಊಟದ ಹಾಲ್‌ಗೆ ರೆಕಾರ್ಡ್ ಪ್ಲೇಯರ್ ತಂದರು, ಬ್ಯಾಂಡು ಮುಗಿಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಹಟ್ಟಿಗೆ ಕರೆಂಟೂ ಬಂದಿತ್ತು.

ಗಾರ್ಡ್ ಸಾಹೇಬರು ಅಲ್ಲಿ ಇನ್ನೊಂದು ನಾಲ್ಕು ತಂತಿಯದನ್ನು ಕೊಂಡು, ಪಿಂಚಣಿದಾರರ ಒಂದು ಬ್ಯಾಂಡಿಗೆ ಸೇರಿದರೆಂದು ಆಂಟಿ ಬರೆದಿದ್ದರು. ಅದೇ ಕಾಗದದಲ್ಲಿ ಅವರು ಕೇಳಿದ್ದರು: ಆ ದಿನ ನಾನು ಮಾರ್ಕೆಟ್ಟಿನಲ್ಲಿ ಹೇಳಿದ್ದಕ್ಕೆ ಹೋಗಿ ಬದಲಾಯಿಸಿಕೊಂಡೆಯೋ, ನಿಜವಾಗಿ ನಿನಗೇ ಬೇಕಾಗಿತ್ತೋ? ಅವರಿಗೆ ಆ ಒಂದು ಅನುಮಾನ ಉಳಿದಿತ್ತಂತೆ.

ನಿಜವನ್ನೇ ಬರೆದೆ. ನೀವು ಹೇಳದಿದ್ದರೆ ನಾನು ಹೋಗುತ್ತಿರಲಿಲ್ಲ. ಬೇಕು ಎನ್ನುವುದು ನನಗೆ ಗೊತ್ತಿತ್ತು, ಕೇಳುವ ಧೈರ್ಯ ಇರಲಿಲ್ಲ. ಮೊದಲ ಆರು ತಿಂಗಳು ಆ ಹತ್ತಿರ ಹತ್ತಿರದ ತಂತಿಗಳ ಜೊತೆ ಒದ್ದಾಡುವಾಗ, ಇದನ್ನೇಕೆ ತೆಗೆದುಕೊಂಡೆ ಎಂದೂ ಅನ್ನಿಸಿತು. ಆಮೇಲೆ ಒಂದು ದಿನ ನೋಡಿಕೊಂಡರೆ, ಹಾಗೆ ಅನ್ನಿಸುವುದು ನಿಂತುಹೋಗಿತ್ತು. ಯಾವ ದಿನ ನಿಂತಿತು ಎಂದು ಗೊತ್ತಿಲ್ಲ ಆಂಟಿ ಎಂದು ಬರೆದು, ಏರ್ ಮೇಲ್ ಕವರಿಗೆ ಅಂಟು ಹಚ್ಚಿ, ನಡುವಟ್ಟಂ ಪೋಸ್ಟಾಫೀಸಿನ ಡಬ್ಬಿಗೆ ಹಾಕಿದೆ.