ಹೊತ್ತು ಕಂತಿದ ಮೇಲಿನ ಊಟ

೧೯೫೯ರ ಜೂನ್ ತಿಂಗಳು. ನಾನು ಬಿ.ಎ. ಪಾಸಾಗಿ ಇನ್ನೂ ತಿಂಗಳಾಗಿರಲಿಲ್ಲ. ಅಪ್ಪ ಬಂಟ್ವಾಳ ಪೇಟೆಯಲ್ಲಿ ದೋಣಿಯಿಂದ ಮೂಟೆ ಇಳಿಸುವವರು. ನಮ್ಮ ಕುಟುಂಬದಲ್ಲಿ ಎಂಟನೆಯ ತರಗತಿ ದಾಟಿದ ಮೊದಲಿಗ ನಾನೇ. ಬೇಗ ಕೆಲಸ ಸಿಗದಿದ್ದರೆ ತಂಗಿಯನ್ನು ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಷ್ಟರಲ್ಲಿ ಅಳದಂಗಡಿಯಿಂದಾಚೆ ಒಂದು ಹಳ್ಳಿಯಲ್ಲಿ ಹೊಸ ಹೈಸ್ಕೂಲು ತೆರೆಯುತ್ತಾರೆ, ಒಬ್ಬ ಬಿ.ಎ. ಮಾಸ್ಟ್ರು ಬೇಕು ಎಂಬ ಸುದ್ದಿ ಬಂತು.

ಬೆಳಿಗ್ಗೆ ಗಂಜಿ ಕುಡಿದು ಹೊರಟೆ. ಪ್ರಮಾಣಪತ್ರಗಳನ್ನು ಮಳೆಗೆ ನೆನೆಯದ ಹಾಗೆ ಮೇಣದ ಬಟ್ಟೆಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಎದೆಗೆ ಒತ್ತಿಕೊಂಡಿದ್ದೆ. ಪುಂಜಾಲಕಟ್ಟೆಯಲ್ಲಿ ಬಸ್ಸು ಕೆಟ್ಟಿತು. ಅದು ಸರಿಯಾಗುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಬಸ್ಸಿಳಿದು ಗದ್ದೆಯ ಬದುವಿನ ಹುಣಿಯಲ್ಲಿ ನಡೆದು ಶಾಲೆಯ ಸಂಚಾಲಕರ ಮನೆ ಮುಟ್ಟಿದಾಗ ಸಂಜೆ ಐದರ ಆಸುಪಾಸು.

ಸಂಚಾಲಕರು ಜೈನರು, ಆ ಊರಿನ ದೊಡ್ಡ ಜಮೀನ್ದಾರರು. ನನ್ನಪ್ಪನಂಥವರು ಅಂಗಳದಾಚೆ ನಿಂತು ಮಾತಾಡುವಂಥ ಮನೆ. ನನಗೆ ಚಾವಡಿಯಲ್ಲಿ ಕುರ್ಚಿ ಹಾಕಿದರು. ಆ ಕುರ್ಚಿಯ ಮೇಲೆ ಕೂತಾಗ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

"ಮೊದಲು ನಾಲ್ಕು ಮಾತು, ಮತ್ತೆ ಊಟ. ನಮ್ಮಲ್ಲಿ ಹೊತ್ತು ಕಂತುವ ಮೊದಲು ಊಟ ಆಗಬೇಕು, ಗೊತ್ತುಂಟಲ್ಲ?" ಎಂದರು ಸಂಚಾಲಕರು. ಒಳಗಿನಿಂದ ಹಲಸಿನಕಾಯಿ ಪಲ್ಯದ ಒಗ್ಗರಣೆಯ ಪರಿಮಳ ಬರುತ್ತಿತ್ತು. ನಾಲ್ಕೇ ಮಾತಲ್ಲವೇ ಎಂದುಕೊಂಡೆ.

ಪಕ್ಕದಲ್ಲಿ ಹೆಡ್‌ಮಾಸ್ಟ್ರಾಗಲಿದ್ದ ಭಟ್ಟರು ಕೂತಿದ್ದರು. ನನ್ನ ಅರ್ಜಿ ನೋಡಿ, "ತತ್ತ್ವಶಾಸ್ತ್ರ ಓದಿದ್ದೀರಿ. ಹಾಗಾದರೆ ಹೇಳಿ, ಈ ಜಗತ್ತು ಸತ್ಯವೋ ಮಿಥ್ಯೆಯೋ?" ಎಂದರು.

ಇಂಗ್ಲಿಷ್ ವ್ಯಾಕರಣ ಕೇಳುತ್ತಾರೆ, ಚರಿತ್ರೆ ಕೇಳುತ್ತಾರೆ ಎಂದು ತಯಾರಾಗಿ ಬಂದವನು ನಾನು. ಸತ್ಯ ಎಂದರೆ ಅದ್ವೈತಿ ಭಟ್ಟರಿಗೆ ಆಗದು, ಮಿಥ್ಯೆ ಎಂದರೆ ಜೈನ ಸಂಚಾಲಕರಿಗೆ ಆಗದು. "ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದಾರೆ ಸರ್" ಎಂದೆ.

"ಒಬ್ಬೊಬ್ಬರದ್ದು ಬೇಡ. ನಿಮ್ಮದು ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಸಂಚಾಲಕರು ನಡುವೆ ಬಂದರು. "ಎಲ್ಲ ಮಿಥ್ಯೆ ಅಂತಾದರೆ ಹಳೇ ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನ ನೀವು ಬೆವರಿದ್ದು ಯಾಕೆ ಭಟ್ರೆ?"

"ಬೆವರುವುದು ದೇಹ, ನಾನಲ್ಲ."

"ಹಾಗಾದರೆ ಬೈಗಳು ತಿನ್ನುವುದು ಯಾರು?"

"ಅದಿರಲಿ. ಸೃಷ್ಟಿ ಮಾಡಿದ ದೇವರೇ ಇಲ್ಲ ಅನ್ನುವ ನೀವು ದಿನಾ ಬಸದಿಗೆ ಹೋಗುವುದು ಯಾಕೆ?"

"ಬೇಡಲಿಕ್ಕಲ್ಲ ಮಾರಾಯ್ರೆ, ನೋಡಲಿಕ್ಕೆ. ತನ್ನನ್ನು ಗೆದ್ದವರನ್ನು ನೋಡಿ ಬರುವುದು. ಜಗತ್ತನ್ನು ಯಾರೂ ಮಾಡಿದ್ದಲ್ಲ. ಅದು ಇತ್ತು, ಉಂಟು, ಇರ್ತದೆ."

ಹೀಗೆ ಹತ್ತಿಕೊಂಡಿತು. ಹಗ್ಗ ಹಾವಾಯಿತು, ಹಾವು ಹಗ್ಗವಾಯಿತು. ಕನಸು ಬಂತು, ಕನಸಿನೊಳಗೆ ಇನ್ನೊಂದು ಕನಸು ಬಂತು. ನನ್ನ ಮುಖವನ್ನು ಯಾರೂ ನೋಡಲಿಲ್ಲ. ಸಂಚಾಲಕರ ಹೆಂಡತಿ ಬಾಗಿಲಿಗೆ ಬಂದು, "ಎಲೆ ಹಾಕಿ ಆಯಿತು" ಎಂದರು. "ಬಂದೆವು" ಎಂದರು ಇವರು. ಸ್ವಲ್ಪ ಹೊತ್ತು ಬಿಟ್ಟು ಆಕೆ ಮತ್ತೆ ಬಂದು, "ಹೊತ್ತು ಕಂತುತ್ತದೆ" ಎಂದರು. "ಒಂದೇ ಮಾತು, ಇದೊಂದು ಮುಗಿಯಲಿ" ಎಂದರು ಸಂಚಾಲಕರು. ನಾನು ಎರಡು ಸಲ ಕೆಮ್ಮಿದೆ. ಭಟ್ಟರು ನನಗೆ ನೀರು ಕೊಡಿಸಿ ಆತ್ಮದ ವಿಷಯಕ್ಕೆ ಮರಳಿದರು.

ಮೂರನೆಯ ಸಲ ಆಕೆ ಬಂದಾಗ ಅಂಗಳದಲ್ಲಿ ಬೆಳಕಿರಲಿಲ್ಲ.

"ಜಗತ್ತು ಉಂಟೋ ಇಲ್ಲವೋ ನೀವೇ ನೋಡಿಕೊಳ್ಳಿ. ಇವತ್ತು ಈ ಮನೆಯಲ್ಲಿ ಊಟ ಇಲ್ಲ" ಎಂದು ಹೇಳಿ ಆಕೆ ಒಳಗೆ ಹೋದರು. ಯಜಮಾನರು ಉಣ್ಣದೆ ತಾನು ಉಣ್ಣುವವರಲ್ಲವಾದ್ದರಿಂದ ಆಕೆಗೂ ಅಂದು ಉಪವಾಸವೇ.

ಭಟ್ಟರು ಎದ್ದರು. ಸಂಧ್ಯಾವಂದನೆಗೆ ಹೊತ್ತಾಯಿತೆಂದು ಕೊಡೆ ಹಿಡಿದು ಹೊರಟರು. ಮಿಥ್ಯೆಯೆಂದವರಿಗೆ ಮನೆಯಲ್ಲಿ ಬಿಸಿ ಊಟ ಕಾದಿತ್ತು. ನನಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಕೊನೆಯ ಬಸ್ಸು ಹೋಗಿತ್ತು, ಹೊಟ್ಟೆಯೊಳಗೆ ಬೆಳಗಿನ ಗಂಜಿ ಬಿಟ್ಟರೆ ಬೇರೇನಿರಲಿಲ್ಲ, ಮಡಿಲಲ್ಲಿ ಬಿಚ್ಚದ ಕಟ್ಟು.

 ಸಂಚಾಲಕರು ಶಾಲು ಹೊದ್ದು ಲಾಟೀನು ಹಚ್ಚಿದರು. "ಬಂದವರು ಹಸಿದು ಮಲಗಿದ ಮನೆ ಅಂತ ಆಗಬಾರದು. ಹೋಗುವ. ಬ್ಯಾರಿಯ ಹೋಟೆಲು ತೆರೆದಿರ್ತದೆ."

 ಮಾರ್ಗದ ಬದಿಯಲ್ಲಿ ಅಬ್ಬು ಬ್ಯಾರಿ ಎಂಬ ಮುಸಲ್ಮಾನನ ಮುಳಿಹುಲ್ಲು ಹೊದಿಸಿದ ಹೋಟೆಲು. ಅಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಇತ್ತು. ಸಂಚಾಲಕರು ಒಳಗೆ ಬರಲಿಲ್ಲ. ಜಿನುಗುವ ಮಳೆಯಲ್ಲಿ ಹೊರಗೆ ನಿಂತು, ಮೀನಿನ ವಾಸನೆಗೆ ಶಾಲಿನ ತುದಿಯನ್ನು ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಲಾಟೀನನ್ನು ನನ್ನ ಎಲೆಯ ಕಡೆಗೆ ಎತ್ತಿ ಹಿಡಿದರು. ಅವರು ಇನ್ನು ಮರುದಿನ ಸೂರ್ಯ ಮೂಡುವ ತನಕ ನೀರನ್ನೂ ಮುಟ್ಟುವಂತಿರಲಿಲ್ಲ.

ನಾನು ಮೊದಲ ತುತ್ತು ಕಲಸಿದೆ. ನನ್ನ ಊರು, ಬಂದ ಕೆಲಸ ವಿಚಾರಿಸಿಕೊಂಡಿದ್ದ ಅಬ್ಬು ಬ್ಯಾರಿ ಸಾರು ಬಡಿಸುತ್ತಾ, "ಬಂಟ್ವಾಳದವರಿಗೆ ಇಲ್ಲಿ ಅನ್ನ. ಹುಟ್ಟಿಸಿದವನು ಬರೆದದ್ದು ಮಾಸ್ಟ್ರೆ. ಅವನು ಬರೆಯದೆ ಒಂದು ಅಗುಳೂ ಬಾಯಿಗೆ ಹೋಗುವುದಿಲ್ಲ" ಎಂದ.

ಹೊರಗಿನಿಂದ ಶಾಲಿನೊಳಗಿನ ಸ್ವರ ಬಂತು. "ಬರೆಯಲಿಕ್ಕೆ ಒಬ್ಬ ಉಂಟು ಅಂತ ನಿನಗೆ ಹೇಳಿದ್ದು ಯಾರು ಬ್ಯಾರಿ?"

ಬ್ಯಾರಿ ಸಾರಿನ ಪಾತ್ರೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅನ್ನದ ಕೈಯನ್ನೇ ಮೇಲೆತ್ತಿ, "ನಾನು ಉಂಡು ಕೈ ತೊಳೆಯುವ ತನಕ ಇಲ್ಲಿ ಯಾರೂ ದೇವರ ವಿಷಯ ಮಾತಾಡಬಾರದು. ಇಬ್ಬರಿಗೂ ಹೇಳುತ್ತಿದ್ದೇನೆ" ಎಂದೆ. ಕೆಲಸ ಕೊಡಬೇಕಾದವರಿಗೆ ಹೀಗೆಂದೆನಲ್ಲ ಎಂಬುದು ಹೇಳಿದ ಮೇಲೆ ಹೊಳೆಯಿತು. ತಂಗಿಯ ಮುಖ ಕಣ್ಣ ಮುಂದೆ ಬಂತು. ಆದರೂ ಉಂಡೆ. ಇಬ್ಬರೂ ತುಟಿ ಬಿಚ್ಚಲಿಲ್ಲ.

ಕೈ ತೊಳೆದು ಹೊರಗೆ ಬಂದಾಗ ಸಂಚಾಲಕರು, "ಭಟ್ಟರದ್ದೂ ನನ್ನದೂ ಬಾಯಿ ಮುಚ್ಚಿಸುವ ಒಬ್ಬರು ಆ ಶಾಲೆಗೆ ಬೇಕೇ ಬೇಕು. ಸೋಮವಾರ ಬಂದು ಸೇರಿಕೊಳ್ಳಿ" ಎಂದರು.

ತಂಗಿ ಶಾಲೆ ಬಿಡಲಿಲ್ಲ. ನಾನು ಅಲ್ಲಿ ಹಲವು ವರ್ಷ ಕಲಿಸಿದೆ. ಅವರಿಬ್ಬರ ವಾದ ಕೊನೆಯ ತನಕ ಮುಗಿಯಲಿಲ್ಲ. ಹಗ್ಗ ಕಟ್ಟಿ ಒಯ್ದ ನನ್ನ ಪ್ರಮಾಣಪತ್ರಗಳನ್ನು ಅಂದು ಯಾರೂ ಬಿಚ್ಚಿ ನೋಡಲಿಲ್ಲ ಎಂಬ ಸಿಟ್ಟು ನನಗೆ ಈಗಲೂ ಇದೆ. ಭಟ್ಟರ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ, ಯಾರಾದರೂ ಅದನ್ನೆತ್ತಿದರೆ ಮೈ ಉರಿಯುತ್ತದೆ. ಆದರೆ ಹಸಿದ ಮನುಷ್ಯರೊಬ್ಬರು ತನಗಾಗದ ವಾಸನೆಯ ಎದುರು ನಿಂತು ನನ್ನ ಎಲೆಗೆ ಬೆಳಕು ಹಿಡಿದರಲ್ಲ, ಅದನ್ನು ಮಿಥ್ಯೆ ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.