ವೀರಣ್ಣ ಮಾಸ್ತರರ ಮನೆಯವರು

ಮದುವೆ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚುವುದು ಮೊಮ್ಮಗಳ ಕೆಲಸ, ಹೆಸರು ಬರೆಯುವುದು ನನ್ನದು. ಮನೆಯಲ್ಲಿ ಇದು ನಾಲ್ಕನೆಯ ಮದುವೆ. ಅರಿಶಿನದ ವಾಸನೆಗೇ ನನಗೀಗ ದಣಿವಾಗುತ್ತದೆ. ಟಿವಿಯಲ್ಲಿ, ಗಂಡಸರಿಬ್ಬರು ಸಂಸಾರ ಮಾಡಬಹುದೇ ಎಂದು ನಾಲ್ಕು ಜನ ಕಿರುಚಾಡುತ್ತಿದ್ದರು. "ನಮ್ಮ ಬ್ರೂಸ್‌ಪೇಟ್ಯಾಗ ಇಂಥೋರು ಇರ್ಲಿಲ್ಲೇನಜ್ಜ?" ಎಂದಳು ಮೊಮ್ಮಗಳು. ಪಟ್ಟಿಯಲ್ಲಿ ಮುಂದಿನ ಹೆಸರು ಖಾಸಿಂನದೇ.

ಇದ್ದರು, ಸ್ವಾಮಿ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನ ಬಟ್ಟೆ ಅಂಗಡಿಯ ಎದುರಿಗೇ ಇದ್ದರು. ವೀರಣ್ಣ ಮಾಸ್ತರ್ ಬಟ್ಟೆ ಕತ್ತರಿಸಿದರೆ ಖಾಸಿಂ ಹೊಲಿಯುತ್ತಿದ್ದ. ಕೆಳಗೆ ಅಂಗಡಿ, ಅಟ್ಟದ ಮೇಲೆ ಮನೆ. ಮೂವತ್ತು ವರ್ಷ ಒಂದೇ ಒಲೆ, ಒಂದೇ ಹಾಸಿಗೆ. ಓಣಿಯವರೆಲ್ಲ ಅವರನ್ನು ಅಣ್ತಮ್ಮ ಅನ್ನುತ್ತಿದ್ದೆವು. ಒಬ್ಬ ಲಿಂಗ ಕಟ್ಟಿದವ, ಇನ್ನೊಬ್ಬ ನಮಾಜು ಮಾಡುವವ; ಅದ್ಯಾವ ತಾಯಿ ಹೆತ್ತ ಅಣ್ತಮ್ಮರೋ! ಸಾರಿಗೆ ಉಪ್ಪು ಹೆಚ್ಚಾದ ದಿನ ಮಾಸ್ತರರ ಸಿಟ್ಟೆಲ್ಲ ಕತ್ತರಿಯ ಮೇಲೆ. ಹಾಗೆ ನನ್ನದೊಂದು ಅಂಗಿಯ ತೋಳು ಬಿಗಿಯಾಗಿ, ಮದುವೆಯೊಂದರಲ್ಲಿ ಕೈ ಎತ್ತಿ ಅಕ್ಷತೆ ಹಾಕಲಾಗದೆ ನಿಂತಿದ್ದೆ. ಗಂಡ ಹೆಂಡಿರ ಹಾಗೆ ಬಾಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅದನ್ನೇ ನಮ್ಮ ದೊಡ್ಡತನ ಎಂದುಕೊಂಡಿದ್ದೆವು.

ಮಾಸ್ತರ್ ತೀರಿಕೊಂಡಾಗ ಅವರ ಅಣ್ಣನ ಮಕ್ಕಳು ಹೆಣವನ್ನು ತಮ್ಮೂರು ಕುರುಗೋಡಿಗೆ ಒಯ್ದರು. ಖಾಸಿಂನೂ ನಾನೂ ಬಸ್ಸು ಹತ್ತಿ ಹೋದೆವು. ನಮ್ಮ ಲಿಂಗವಂತರಲ್ಲಿ ಮಣ್ಣು ಮುಚ್ಚುವ ಮೊದಲು ಮನೆಯವರು ಕುಣಿಯೊಳಗೆ ಬಿಲ್ವಪತ್ರಿ ಹಾಕಬೇಕು. "ಮನಿಯವ್ರು ಬರ್ರಿ" ಎಂದರು ಅಯ್ಯನವರು. ಖಾಸಿಂ ಪತ್ರಿ ಹಿಡಿದು ಮುಂದೆ ಬಂದ. ಅಣ್ಣನ ಹಿರಿಮಗ ಅಡ್ಡ ನಿಂತು ನನ್ನನ್ನು ಕೇಳಿದ: "ಇವ್ರು ಯಾರ್ರೀ?"

ಅಷ್ಟು ಜನರ ಮುಂದೆ ನನಗೆ ಅಂಜಿಕೆಯಾಯಿತು. "ಅಂಗಡ್ಯಾಗ ಕೆಲ್ಸಕ್ಕಿದ್ದೋರು" ಎಂದುಬಿಟ್ಟೆ. ಥೂ ನನ್ನ!

ಖಾಸಿಂ ಒಮ್ಮೆ ನನ್ನ ಮುಖ ನೋಡಿ ಹಿಂದೆ ಸರಿದ. ಬಳ್ಳಾರಿ ಮುಟ್ಟುವ ತನಕ ಆ ಪತ್ರಿ ಅವನ ಮುಷ್ಟಿಯಲ್ಲೇ ಇತ್ತು. ಆಮೇಲೆ ಎಷ್ಟೋ ಸಲ ಜೊತೆಗೆ ಚಹಾ ಕುಡಿದಿದ್ದೇವೆ. ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶುಭಪತ್ರದ ಮೇಲೆ ಸತ್ತವರ ಹೆಸರು ಬರೆಯಬಾರದು ಅನ್ನುತ್ತಾರೆ. ಬರೆದೆ: ದಿ. ವೀರಣ್ಣ ಮಾಸ್ತರರ ಮನೆಯವರಾದ ಖಾಸಿಂ ಸಾಹೇಬರಿಗೆ. ಮೊಮ್ಮಗಳು ಓದಿದಳು, ಮೂಲೆಗೆ ಅರಿಶಿನ ಹಚ್ಚಿದಳು. ಮೊಣಕಾಲು ಹಿಡಿದುಕೊಂಡು ಅವನ ಅಟ್ಟ ಹತ್ತಿ ಕಾರ್ಡು ನಾನೇ ಕೊಟ್ಟೆ.

ಖಾಸಿಂ ಕನ್ನಡಕ ಹುಡುಕಿ ಎರಡು ಸಲ ಓದಿದ.

"ತಪ್ಪಾತು ಖಾಸಿಂ" ಎಂದೆ.

"ಹೌದು, ತಪ್ಪಾತು." ಇರಲಿ ಬಿಡು ಎಂದು ಅವನು ಅನ್ನಲಿಲ್ಲ. "ಕಾರ್ಡಿನ ಮ್ಯಾಲ ಬರ್ದಿದ್ದನ್ನ ಕುರುಗೋಡಾಗ ಅನ್ನಬೇಕಿತ್ತಲೇ. ನಾ ಮನಿಯವ ಅಂತ ನನಗ ಗೊತ್ತಿರ್ಲಿಲ್ಲೇನು?"

ನಾಳೆ ಕುರುಗೋಡಿಗೆ ಹೋಗುತ್ತಿದ್ದೇವೆ, ಆ ಅಣ್ಣನ ಮಕ್ಕಳಿಗೂ ಕಾರ್ಡು ಕೊಡುವುದಿದೆ. ಮಾಸ್ತರರ ಸಮಾಧಿಗೆ ಏರಿಸಲು ಖಾಸಿಂ ಪತ್ರಿ ತರುತ್ತಾನಂತೆ. ಇವರು ಯಾರೆಂದು ಅವರು ಇನ್ನೊಮ್ಮೆ ಕೇಳಲಿ ಎಂದೇ ಕಾಯುತ್ತಿದ್ದೇನೆ.